ಎಲೆ, ಅಡಿಕೆ, ಸುಣ್ಣ ಮತ್ತು ಅರಿವು: ನಮ್ಮ ಭಾನುವಾರದ ಟಿಪ್ಪಣಿ

ಮುಂಬೈಯ ಮಾಟುಂಗದಲ್ಲಿ ಭಾನುವಾರ ಬೆಳಗ್ಗೆ ನಾವು ಐದು ಜನ ಕೂತು ತತ್ತ್ವಶಾಸ್ತ್ರ ಓದುತ್ತೇವೆ. ಇಬ್ಬರು ದೂರಶಿಕ್ಷಣದಲ್ಲಿ ಎಂ.ಎ. ಮಾಡುತ್ತಿದ್ದಾರೆ. ಮುಲುಂಡಿನಿಂದ ಬರುವ ಹಿರಿಯರೊಬ್ಬರು ಉಡುಪಿ ಕಡೆಯವರು, ಮಧ್ವಮತವನ್ನು ಚೆನ್ನಾಗಿ ಓದಿಕೊಂಡವರು. ಉಳಿದವರು ಸುಮ್ನೆ ಆಸಕ್ತಿಗೆ ಬರುತ್ತೇವೆ. ಮೂರು ವಾರದಿಂದ ಒಂದೇ ಪ್ರಶ್ನೆ ಹಿಡಿದು ಕೂತಿದ್ದೇವೆ: ಅರಿವು ಜಡವಸ್ತುವಿನಿಂದ ಹುಟ್ಟುತ್ತದೆಯೋ, ಇಲ್ಲ ಅದು ಬೇರೆಯೇ ಒಂದೋ? ಇದನ್ನು ಹೊಸದಾಗಿ ಓದಲು ಹೊರಟವರಿಗೆ ಅನುಕೂಲವಾಗಲಿ ಅಂತ ಬರೆದಿಟ್ಟಿದ್ದೇನೆ.

ಮೊದಲು ಪದಗಳ ತಂಟೆ. ಆಸ್ಪತ್ರೆಯಲ್ಲಿ 'ಪ್ರಜ್ಞೆ ತಪ್ಪಿದೆ' ಅಂದರೆ ಎಚ್ಚರ ಇಲ್ಲ ಎಂದಷ್ಟೇ ಅರ್ಥ. ನಮಗೆ ಬೇಕಾದ್ದು ಅದಲ್ಲ. ಹಲ್ಲುನೋವು ತಗೊಳ್ಳಿ. ಹಲ್ಲಿನ ನರ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ, ಕೈ ಕೆನ್ನೆಗೆ ಹೋಗುತ್ತದೆ. ಇದೆಲ್ಲ ಹೊರಗಿನಿಂದ ನೋಡಬಹುದಾದ ಕೆಲಸ. ಆದರೆ ಅದು ನೋಯುತ್ತದಲ್ಲ, ಆ ನೋಯುವುದು ಬೇರೆ. ಈ ಟಿಪ್ಪಣಿಯಲ್ಲಿ 'ಅರಿವು' ಅಂದಾಗೆಲ್ಲ ಆ ಎರಡನೆಯದನ್ನೇ ಹೇಳುತ್ತಿದ್ದೇನೆ.

ಜಡವಸ್ತುವೇ ಎಲ್ಲ ಎನ್ನುತ್ತಿದ್ದ ನಮ್ಮ ಹಳೆಯ ಚಿಂತಕರು, ಚಾರ್ವಾಕರಿಂದ ಶುರು ಮಾಡೋಣ. ಅವರ ಮೂಲ ಸೂತ್ರಗ್ರಂಥ ಉಳಿದಿಲ್ಲ. ಎದುರಾಳಿಗಳು ಖಂಡಿಸಲು ಎತ್ತಿಕೊಂಡ ಮಾತುಗಳಿಂದಲೇ ಅವರ ವಾದ ನಮಗೆ ಗೊತ್ತಾಗುವುದು. ಭೂಮಿ, ನೀರು, ಬೆಂಕಿ, ಗಾಳಿ, ಈ ನಾಲ್ಕೇ ಇರುವುದು. ಅವು ದೇಹವಾಗಿ ಕೂಡಿಕೊಂಡಾಗ ಚೈತನ್ಯ ಹುಟ್ಟುತ್ತದೆ ಎನ್ನುತ್ತಾರೆ. ಹೇಗೆ? ಎರಡು ಉಪಮೆ ಕೊಡುತ್ತಾರೆ. ಹುಳಿ ಹಿಡಿದ ಹಿಟ್ಟಿನಿಂದ ಮದ್ಯದ ಅಮಲು ಬಂದ ಹಾಗೆ ಅನ್ನುವುದು ಒಂದು. ಎಲೆ, ಅಡಿಕೆ, ಸುಣ್ಣ ಸೇರಿದಾಗ ಕೆಂಪು ಬಂದ ಹಾಗೆ ಅನ್ನುವುದು ಇನ್ನೊಂದು.

ಈ ಎರಡನೆಯದನ್ನು ಮನೆಯಲ್ಲೇ ನೋಡಬಹುದು ಅಲ್ವಾ? ನನ್ನ ದೊಡ್ಡಪ್ಪ ಹೋಟೆಲಿನ ಗಲ್ಲೆಯಲ್ಲಿ ಕೂತು ಜೀವನ ಕಳೆದವರು. ಈಗ ಡೊಂಬಿವಿಲಿಯ ಮನೆಯಲ್ಲಿ ಊಟವಾದ ಮೇಲೆ ಎಲೆ ಹಾಕುತ್ತಾರೆ. ಕಾಚು ಮುಟ್ಟುವುದಿಲ್ಲ. ಅದು ನನಗೆ ಅನುಕೂಲವೇ ಆಯಿತು, ಯಾಕಂದರೆ ಕಾಚಿಗೇ ಸ್ವಂತ ಕೆಂಪು ಬಣ್ಣ ಇದೆ. ಎಲೆಯನ್ನು ಪಂಚೆಗೆ ಒರೆಸಿ, ತೊಟ್ಟು ಮುರಿದು, ಬೆನ್ನಿಗೆ ಬೆರಳ ತುದಿಯಿಂದ ಸುಣ್ಣ ಎಳೆಯುತ್ತಾರೆ. ಅವರನ್ನು ಕೂರಿಸಿಕೊಂಡು ಒಂದೊಂದೇ ಜಗಿದು ನೋಡಿದೆವು. ಎಲೆ ಮಾತ್ರ ಜಗಿದರೆ ಹಸಿರು. ಅಡಿಕೆ ಮಾತ್ರ ಜಗಿದರೆ ಮಾಸಲು ಕಂದು. ಅದಕ್ಕೆ ಚಿಟಿಕೆ ಸುಣ್ಣ ಬಿದ್ದದ್ದೇ ತಡ, ಕೆಂಪು. ಅಡಿಕೆಯ ಒಗರಿಗೆ ಕಾರಣವಾದ ಪದಾರ್ಥಗಳೇ ಸುಣ್ಣದ ಕ್ಷಾರ ತಾಗಿ ಬಣ್ಣ ತಿರುಗುತ್ತವೆ. ಮೂರರಲ್ಲೂ ಇಲ್ಲದ್ದು ಕೂಡಿದಾಗ ಬಂತು. ಚಾರ್ವಾಕರ ಮಾತು ನಿಂತಿತು ಅಂದುಕೊಂಡೆ.

ಆಗ ದೊಡ್ಡಪ್ಪ ಕೇಳಿದರು, "ಅಲ್ಲ ಮಾರಾಯಾ, ಕೆಂಪಾದ್ದು ನಿನಗೆ ಕಂಡಿತು. ನನಗೆಲ್ಲಿ ಕಂಡಿತು? ನನಗೆ ಗೊತ್ತಾದ್ದು ಒಗರು, ಆಮೇಲೆ ಸುಣ್ಣದ ಉರಿ. ಕೆಂಪು ನೋಡಬೇಕಾದರೆ ನಾನು ಕನ್ನಡಿ ಹತ್ತಿರ ಹೋಗಬೇಕು."

ನನ್ನ ಲೆಕ್ಕದಲ್ಲಿ ಇಡೀ ಸಮಸ್ಯೆ ಅವರ ಈ ಮಾತಿನಲ್ಲಿದೆ. ಉಪಮೆಯ ಕೆಂಪು ಹೊರಗಿನಿಂದ ಕಾಣುವ ಗುಣ. ಯಾರು ಬೇಕಾದರೂ ನೋಡಬಹುದು, ಅದು ಹೇಗೆ ಬಂತೆಂದು ರಸಾಯನ ವಿಜ್ಞಾನ ಹೇಳುತ್ತದೆ. ಒಗರು ಮಾತ್ರ ಜಗಿಯುವವರಿಗೇ ಸಿಗುವುದು. ಚಾರ್ವಾಕರು ಮೊದಲನೆಯ ಬಗೆಯ ಉದಾಹರಣೆ ಕೊಟ್ಟು ಎರಡನೆಯದನ್ನು ಸಾಧಿಸಲು ಹೊರಟರು. ಕೂಡಿದ್ದರಿಂದ ಹೊಸ ಬಣ್ಣ ಬರುತ್ತದೆ ನಿಜ. ಕೂಡಿದ್ದರಿಂದ ಒಂದು ಒಳಗು ಹೇಗೆ ಬರುತ್ತದೆ? ಯಾವ ಸಿದ್ಧಾಂತ ಓದುವಾಗಲೂ ಈ ಪ್ರಶ್ನೆ ಕೈಯಲ್ಲಿ ಹಿಡಿದುಕೊಂಡಿರಿ.

ಶಂಕರರು ಬ್ರಹ್ಮಸೂತ್ರ ಭಾಷ್ಯದ ಮೂರನೆಯ ಅಧ್ಯಾಯದಲ್ಲಿ ದೇಹವೇ ಆತ್ಮ ಎನ್ನುವವರಿಗೆ ಉತ್ತರ ಕೊಡುತ್ತಾರೆ. ಎರಡು ವಾದ ಗಮನಿಸಿ. ಹೆಣದಲ್ಲಿ ರೂಪ ಉಳಿಯುತ್ತದೆ, ಚೈತನ್ಯ ಉಳಿಯುವುದಿಲ್ಲ. ಹಾಗಾದರೆ ಅದು ದೇಹದ ಗುಣ ಹೇಗಾದೀತು? ಇದು ನನಗೆ ಅಷ್ಟು ಗಟ್ಟಿ ಅನ್ನಿಸಲಿಲ್ಲ. ಹೆಣದಲ್ಲಿ ವಸ್ತು ಅದೇ ಇದ್ದರೂ ನಡೆಯುತ್ತಿದ್ದ ಕೆಲಸ ನಿಂತಿದೆ, ಚಾರ್ವಾಕ ಅದನ್ನೇ ಹೇಳಿ ತಪ್ಪಿಸಿಕೊಳ್ಳಬಹುದು. ಎರಡನೆಯದು ಜೋರಾಗಿದೆ. ದೀಪ ಇದ್ದಾಗ ಕಾಣುತ್ತದೆ, ಆರಿದಾಗ ಕಾಣುವುದಿಲ್ಲ. ಅಷ್ಟರಿಂದ ಕಾಣುವಿಕೆ ದೀಪದ ಗುಣ ಅಂತ ಯಾರಾದರೂ ಹೇಳುತ್ತಾರಾ? ಮಿದುಳಿಗೆ ಪೆಟ್ಟಾದರೆ ಅರಿವು ಹೋಗುತ್ತದೆ, ಹಾಗಾಗಿ ಅರಿವು ಮಿದುಳಿನದೇ ಎನ್ನುವವರು ಇವತ್ತಿಗೂ ಈ ದೀಪಕ್ಕೆ ಉತ್ತರ ಕೊಡಬೇಕು.

ಇನ್ನು ಯುರೋಪು. ಮನಸ್ಸು ಬೇರೆ, ದೇಹ ಬೇರೆ ಎಂದು 1641ರಲ್ಲಿ ಫ್ರಾನ್ಸಿನ ತತ್ತ್ವಜ್ಞಾನಿ ದೆಕಾರ್ತ್ ಬರೆದ. ದೇಹ ಜಾಗ ಹಿಡಿಯುತ್ತದೆ, ಮನಸ್ಸು ಯೋಚಿಸುತ್ತದೆ. 1643ರಲ್ಲಿ ಬೊಹೀಮಿಯಾದ ರಾಜಕುಮಾರಿ ಎಲಿಜಬೆತ್ ಅವನಿಗೆ ಕಾಗದ ಬರೆದು ಕೇಳಿದಳು: ದೂಡಬೇಕಾದರೆ ತಾಗಬೇಕು. ಜಾಗವೇ ಹಿಡಿಯದ ಮನಸ್ಸು ದೇಹವನ್ನು ಹೇಗೆ ಅಲುಗಿಸುತ್ತದೆ? ಅವಳಿಗೆ ಆಗ 24 ವರ್ಷ. ಮನಸ್ಸು ದೇಹ ಎರಡೂ ಕೂಡಿರುವುದು ದಿನನಿತ್ಯದ ಬದುಕಿನಲ್ಲೇ ಚೆನ್ನಾಗಿ ತಿಳಿಯುತ್ತದೆ, ಜಾಸ್ತಿ ತತ್ತ್ವಚಿಂತನೆ ಮಾಡಿದರೆ ತಿಳಿಯುವುದಿಲ್ಲ ಎಂದು ದೆಕಾರ್ತ್ ಉತ್ತರಿಸಿದ. ಬರೀ ಬುದ್ಧಿಗೇ ಕೆಲಸ ಕೊಡುವ ಚಿಂತನೆಗೆ ತಾನು ವರ್ಷಕ್ಕೆ ಕೆಲವೇ ಗಂಟೆ ಕೊಡುವುದು ಅಂತಲೂ ಬರೆದ. ಜಾರಿಕೊಂಡದ್ದೇ, ಆದರೆ ಚಂದವಾಗಿ ಜಾರಿಕೊಂಡ. ಮಿದುಳಿನ ನಡುವಿನ ಪೀನಿಯಲ್ ಗ್ರಂಥಿಯಲ್ಲಿ ಮನಸ್ಸು ದೇಹ ಸೇರುತ್ತವೆ ಎನ್ನುವುದು ಅವನ ಇನ್ನೊಂದು ಮಾತು. ಮಿದುಳಿನ ಉಳಿದ ಭಾಗಗಳು ಎರಡೆರಡು, ಇದು ಮಾತ್ರ ಒಂದು ಅನ್ನುವುದೇ ಕಾರಣ. ಅದರಿಂದ ಎಲಿಜಬೆತ್ತಳ ಪ್ರಶ್ನೆ ಗ್ರಂಥಿಯ ವಿಳಾಸಕ್ಕೆ ವರ್ಗವಾಯಿತು ಅಷ್ಟೇ.

ಇಲ್ಲಿ ಹೊಸಬರು ಎರಡು ಕಡೆ ಎಡವುತ್ತಾರೆ. ನಾನೂ ಎಡವಿದ್ದೆ. ಒಂದು, ದೆಕಾರ್ತನ ದ್ವೈತವೂ ಮಧ್ವರ ದ್ವೈತವೂ ಒಂದೇ ಅಂದುಕೊಳ್ಳುವುದು. ಮಧ್ವರು ಐದು ಭೇದ ಹೇಳುತ್ತಾರೆ: ಈಶ್ವರನಿಗೂ ಜೀವಕ್ಕೂ, ಈಶ್ವರನಿಗೂ ಜಡಕ್ಕೂ, ಜೀವ ಜೀವಕ್ಕೂ, ಜೀವಕ್ಕೂ ಜಡಕ್ಕೂ, ಜಡ ಜಡಕ್ಕೂ. ದೆಕಾರ್ತನ ಜಗಳ ಹೆಚ್ಚುಕಡಿಮೆ ನಾಲ್ಕನೆಯದರಲ್ಲೇ ಮುಗಿಯುತ್ತದೆ. ಮುಲುಂಡಿನ ಹಿರಿಯರು ಇದನ್ನು ನಮಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ.

ಎರಡನೆಯದು ಇನ್ನೂ ದೊಡ್ಡದು. ಪಶ್ಚಿಮದವರು ಮನಸ್ಸು ಮತ್ತು ಜಡದ ನಡುವೆ ಗೆರೆ ಎಳೆದರು. ನಮ್ಮ ಹಳೆಯ ದರ್ಶನಗಳಲ್ಲೊಂದಾದ ಸಾಂಖ್ಯದವರು ಅಲ್ಲಿ ಎಳೆಯಲೇ ಇಲ್ಲ. ಅವರಲ್ಲಿ ಬುದ್ಧಿ, ಅಹಂಕಾರ, ಮನಸ್ಸು ಮೂರೂ ಪ್ರಕೃತಿಯ ಕಡೆಗೆ, ಅಂದರೆ ಜಡದ ಕಡೆಗೆ. ಲೆಕ್ಕ ಹಾಕುವುದು, ತೀರ್ಮಾನ ಮಾಡುವುದು, 'ನಾನು' ಅನ್ನುವುದು ಎಲ್ಲ ಜಡದ ಕೆಲಸ. ಪುರುಷ ಸುಮ್ಮನೆ ನೋಡುವವನು. ಇವತ್ತು ಕಂಪ್ಯೂಟರ್ ಲೆಕ್ಕ ಹಾಕಿತು, ಮಾತಾಡಿತು ಅಂದರೆ ಸಾಂಖ್ಯನಿಗೆ ಆಶ್ಚರ್ಯವೇ ಆಗಲಿಕ್ಕಿಲ್ಲ. ಅದಕ್ಕೆ ಅರಿವು ಬಂತು ಅಂತಲೂ ಅವನು ಒಪ್ಪಲಿಕ್ಕಿಲ್ಲ.

ಹಾಗಂತ ಎಲಿಜಬೆತ್ತಳ ಪ್ರಶ್ನೆ ಸಾಂಖ್ಯರನ್ನೂ ಬಿಡುವುದಿಲ್ಲ. ಏನೂ ಮಾಡದ ಪುರುಷನಿಗೂ ಪ್ರಕೃತಿಗೂ ನಂಟು ಹೇಗೆ? ಕುರುಡನ ಹೆಗಲ ಮೇಲೆ ಕುಂಟ ಕೂತ ಹಾಗೆ ಎನ್ನುತ್ತದೆ ಸಾಂಖ್ಯ. ಕುಂಟ ಬಾಯಲ್ಲಿ ದಾರಿ ಹೇಳುತ್ತಾನಲ್ಲ, ನಿಮ್ಮ ಪುರುಷ ಅದನ್ನೂ ಮಾಡುವುದಿಲ್ಲವಲ್ಲ ಎಂದು ಶಂಕರರು ಹಿಡಿಯುತ್ತಾರೆ. ಇದನ್ನೇ ನೆನಪಿಸುವ ಮಾತು 1874ರಲ್ಲಿ ಇಂಗ್ಲೆಂಡಿನ ಜೀವವಿಜ್ಞಾನಿ ಹಕ್ಸ್‌ಲಿಯಿಂದ ಬಂತು: ರೈಲಿನ ಸೀಟಿ ಇಂಜಿನ್ನನ್ನು ಎಳೆಯುವುದಿಲ್ಲ, ಅರಿವೂ ಹಾಗೆಯೇ, ಮಿದುಳಿನ ಕೆಲಸದ ಜೊತೆ ಬರುತ್ತದೆ, ಏನೂ ಮಾಡುವುದಿಲ್ಲ. ಹಕ್ಸ್‌ಲಿಗೆ ಅರಿವು ಮಿದುಳಿನಿಂದಲೇ ಹುಟ್ಟಿದ್ದು, ಸಾಂಖ್ಯರಿಗೆ ಅಲ್ಲ. ಕೆಲಸ ಇಲ್ಲದಿರುವುದರಲ್ಲಿ ಮಾತ್ರ ಇಬ್ಬರದೂ ಒಂದೇ ಸ್ಥಿತಿ.

ಇಪ್ಪತ್ತನೆಯ ಶತಮಾನವನ್ನು ಬೇಗ ದಾಟೋಣ. 1956ರಲ್ಲಿ ಪ್ಲೇಸ್, 1959ರಲ್ಲಿ ಸ್ಮಾರ್ಟ್ ಎಂಬ ತತ್ತ್ವಜ್ಞಾನಿಗಳು ಹೇಳಿದ್ದು: ಮಿಂಚು ಅಂದರೆ ವಿದ್ಯುತ್ತಿನ ಹರಿವೇ ಆದಂತೆ, ನೋವು ಅಂದರೆ ಮಿದುಳಿನ ಒಂದು ಕ್ರಿಯೆಯೇ. ಇನ್ನೊಬ್ಬ ತತ್ತ್ವಜ್ಞಾನಿ ಪಟ್ನಮ್ ತಕರಾರು ತೆಗೆದ: ಅಷ್ಟಪದಿಯ (ಆಕ್ಟೋಪಸ್) ಮಿದುಳು ನಮ್ಮ ಹಾಗಿಲ್ಲ, ಅದಕ್ಕೂ ನೋಯುತ್ತದಲ್ಲ? ಹಾಗಾಗಿ ನೋವು ಅಂದರೆ ವಸ್ತು ಅಲ್ಲ, ಅದು ಮಾಡುವ ಕೆಲಸ ಎಂದ. ಪರೀಕ್ಷೆಗೆ ಇಷ್ಟು ಸಾಕು.

1995ರಲ್ಲಿ ತತ್ತ್ವಜ್ಞಾನಿ ಚಾಮರ್ಸ್ ಸುಲಭದ ಸಮಸ್ಯೆ, ಕಷ್ಟದ ಸಮಸ್ಯೆ ಅಂತ ಎರಡು ಮಾಡಿದ. ಇದಕ್ಕೆ ಲೋಕಲ್ ಟ್ರೈನೇ ಸಾಕು. ಸಿಎಸ್‌ಎಂಟಿ ಸ್ಟೇಷನ್ನಿನಿಂದ ಫಾಸ್ಟ್ ಲೋಕಲ್ ಹಿಡಿದು ನಿದ್ದೆ ಹೋದವರು ಡೊಂಬಿವಿಲಿ ಬರುವಾಗ ತಾವಾಗಿ ಎದ್ದು ಬಾಗಿಲಿಗೆ ನಡೆಯುತ್ತಾರೆ. ನಾನು ಮಾತ್ರ ಎರಡು ಸಲ ಅದನ್ನು ದಾಟಿ ಕಲ್ಯಾಣ ಸ್ಟೇಷನ್ನಿಗೆ ಹೋಗಿದ್ದೇನೆ. ಅವರ ಮಿದುಳು ಸ್ಟೇಷನ್ ಗುರುತಿಸಿದ್ದು ಹೇಗೆ, ಎಬ್ಬಿಸಿದ್ದು ಹೇಗೆ, ಗರ್ದಿಯಲ್ಲಿ ಕಾಲಿಗೆ ದಾರಿ ತೋರಿಸಿದ್ದು ಹೇಗೆ? ಇವೆಲ್ಲ 'ಸುಲಭದವು'. ನೂರು ವರ್ಷ ಹಿಡಿದರೂ ಉತ್ತರ ಯಾವ ಬಗೆಯದೆಂದು ಗೊತ್ತಿದೆ. ಎದ್ದಾಗ ಹೊಟ್ಟೆಯಲ್ಲಿ ಧಸಕ್ ಅನ್ನುತ್ತದಲ್ಲ, ಆ ಅನ್ನಿಸಿಕೆ ಯಾಕಿರಬೇಕು? ಅದಿಲ್ಲದೆಯೂ ಕೆಲಸ ನಡೆಯಬಹುದಿತ್ತಲ್ಲ? ಇದು ಕಷ್ಟದ್ದು. ಅಮೆರಿಕದ ತತ್ತ್ವಜ್ಞಾನಿ ಡೆನೆಟ್ ಇದನ್ನು ಒಪ್ಪಲಿಲ್ಲ. ಸುಲಭದವನ್ನೆಲ್ಲ ಬಿಡಿಸಿದ ಮೇಲೆ ಬಿಡಿಸಲು ಇನ್ನೇನೂ ಉಳಿಯುವುದಿಲ್ಲ ಎಂದು ಅವನ ವಾದ. ನನಗೆ ಅಲ್ಲಿ ಒಗರು ಕಾಣೆಯಾದ ಹಾಗೆ ಅನ್ನಿಸುತ್ತದೆ.

ಅರಿವಿಗೆ ಮಿದುಳಿನಲ್ಲಿರುವ ಗುರುತು 25 ವರ್ಷದಲ್ಲಿ ಖಚಿತವಾಗಿ ಸಿಗುತ್ತದೆ ಎಂದು 1998ರಲ್ಲಿ ನರವಿಜ್ಞಾನಿ ಕ್ರಿಸ್ಟೋಫ್ ಕೋಖ್ ಇದೇ ಚಾಮರ್ಸ್ ಜೊತೆ ವೈನಿಗೆ ಬಾಜಿ ಕಟ್ಟಿದ್ದ. 2023ರಲ್ಲಿ ಸೋಲೊಪ್ಪಿ ವೈನ್ ಕೊಟ್ಟ.

ಕೊನೆಗೆ ಉಳಿದದ್ದು, ಎಲ್ಲ ವಸ್ತುವಿನಲ್ಲೂ ಚೂರುಪಾರು ಅರಿವು ಇದೆ ಎನ್ನುವವರು. ಇಲ್ಲದ್ದರಿಂದ ಬರಲಾರದು, ಹಾಗಾಗಿ ಮೊದಲೇ ಇತ್ತು ಎಂಬುದು ಅವರ ತರ್ಕ. ಇವರಿಗೆ ತೊಡಕು 1890ರಲ್ಲೇ ಅಮೆರಿಕದ ಮನೋವಿಜ್ಞಾನಿ ವಿಲಿಯಂ ಜೇಮ್ಸ್ ಇಟ್ಟಿದ್ದಾನೆ: ಹನ್ನೆರಡು ಪದದ ವಾಕ್ಯವನ್ನು ಹನ್ನೆರಡು ಜನಕ್ಕೆ ಒಂದೊಂದು ಪದದಂತೆ ಕೊಡಿ. ಅವರು ಎಷ್ಟೇ ಒತ್ತಾಗಿ ನಿಂತು ಯೋಚಿಸಿದರೂ ಇಡೀ ವಾಕ್ಯದ ಅರಿವು ಎಲ್ಲೂ ಹುಟ್ಟುವುದಿಲ್ಲ. ಚೂರು ಅರಿವುಗಳು ಕೂಡಿ ಒಂದು ಅರಿವಾಗುವುದು ಹೇಗೆ?

ಇದನ್ನೂ ಮಾಡಿ ನೋಡಿದೆವು. ನಾನು ನಾಲ್ಕು ಪದದ ಒಂದು ವಾಕ್ಯವನ್ನು ನಾಲ್ಕು ಚೀಟಿಯಲ್ಲಿ ಬರೆದು ನಾಲ್ವರಿಗೆ ಹಂಚಿದೆ. ಐದು ನಿಮಿಷ ಎಲ್ಲರೂ ತಂತಮ್ಮ ಪದ ನೆನೆಯುತ್ತಾ ಕೂತರು. ವಾಕ್ಯ ಏನೆಂದು ಯಾರಿಗೂ ಗೊತ್ತಾಗಲಿಲ್ಲ. ಜೇಮ್ಸ್ ಗೆದ್ದ ಅಂತ ನಾನು ಪುಸ್ತಕ ಮುಚ್ಚುವಷ್ಟರಲ್ಲಿ ಮುಲುಂಡಿನ ಹಿರಿಯರು ತಮ್ಮ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. "ಚೀಟಿ ಬರೆದವನಿಗೆ ಗೊತ್ತಿತ್ತಲ್ಲ? ನಾನು ಮೂರು ವಾರದಿಂದ ಹೇಳುತ್ತಿರುವುದು ಅದೇ."