42ರಲ್ಲಿ 17 ಕಳೆದರೆ ಎಷ್ಟು? ನಮ್ಮ ಶಾಲೆಗಳ ಲೆಕ್ಕದ ಪಾಠ ನಡೆದು ಬಂದ ದಾರಿ

ನಾಲ್ಕನೇ ತರಗತಿಯ ಮಕ್ಕಳಿಗೆ 42ರಲ್ಲಿ 17 ಕಳೆಯಲು ಹೇಳಿ ನೋಡಿ. ಕೆಲವರಾದರೂ 35 ಅಂತ ಬರೆಯುತ್ತಾರೆ. ಎರಡರಲ್ಲಿ ಏಳು ಹೋಗಲ್ಲ, ಅದಕ್ಕೆ ಏಳರಲ್ಲಿ ಎರಡು ಕಳೆದು ಐದು. ನಾಲ್ಕರಲ್ಲಿ ಒಂದು ಹೋದರೆ ಮೂರು. ಇದು ದಡ್ಡತನ ಅಲ್ಲ. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಅಂತ ಹಿಂದೆ ಕಲಿತದ್ದನ್ನು ಮಗು ಚಾಚೂ ತಪ್ಪದೆ ಪಾಲಿಸಿದೆ. 42 ಅಂದರೆ ನಾಲ್ಕು ಹತ್ತಿನ ಕಟ್ಟು, ಎರಡು ಬಿಡಿ ಅನ್ನೋದು ಮಾತ್ರ ಅದಕ್ಕಿನ್ನೂ ಕಂಡಿಲ್ಲ.

ಅದೇ ಕೋಣೆಯಲ್ಲಿ ಇನ್ನೊಂದು ಮಗು ಬಾಯಲ್ಲೇ 25 ಅಂತ ಹೇಳಿಬಿಡುತ್ತದೆ. ಮತ್ತೊಂದು ಮಗುವಿಗೆ 20ರ ಮೇಲಿನ ಸಂಖ್ಯೆಗಳೇ ಗಟ್ಟಿಯಾಗಿಲ್ಲ. ಮೂವರಿಗೂ ಒಬ್ಬರೇ ಟೀಚರ್, ಒಂದೇ ನಲವತ್ತು ನಿಮಿಷ. ಯಾರಿಗೆ ಏನು ಹೇಳಿಕೊಡಬೇಕು?

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಈ ಮೂವತ್ತು ವರ್ಷ ಬಂದುಹೋದ ಯೋಜನೆಗಳ ಹೆಸರು ಕೇಳಿದರೆ ತಲೆ ಸುತ್ತುತ್ತದೆ. ನಲಿ ಕಲಿ, ಗಣಿತ ಕಲಿಕಾ ಆಂದೋಲನ, ಓದು ಕರ್ನಾಟಕ, ಕಲಿಕಾ ಚೇತರಿಕೆ, ನಿಪುಣ್ ಭಾರತ್. ಹೊಸದಾಗಿ ಕೆಲಸಕ್ಕೆ ಸೇರಿದ ಟೀಚರ್‌ಗಳಿಗೇ ಯಾವುದರ ಹಿಂದೆ ಯಾವುದು ಬಂತು ಅಂತ ಗೊತ್ತಿರಲ್ಲ. ಅಪ್ಪ ಅಮ್ಮಂದಿರಿಗೆ ಗೊತ್ತಾಗೋದು ಹೇಗೆ? ಆದರೆ ಇವೆಲ್ಲವೂ ಉತ್ತರ ಹುಡುಕಿದ್ದು ಆ ಮೂರು ಮಕ್ಕಳ ಪ್ರಶ್ನೆಗೇ.

ಲೆಕ್ಕ ನಮಗೆ ಹೊಸದಲ್ಲ. ಒಂಬತ್ತನೇ ಶತಮಾನದಲ್ಲಿ ಮಹಾವೀರಾಚಾರ್ಯ, ಹನ್ನೆರಡನೇ ಶತಮಾನದಲ್ಲಿ ಕನ್ನಡದಲ್ಲೇ ಗಣಿತ ಬರೆದ ರಾಜಾದಿತ್ಯ, ಆಮೇಲೆ ಊರೂರಿನ ಕೂಲಿಮಠಗಳು, ಅಂದರೆ ಹಳೆಯ ಕಾಲದ ಊರಶಾಲೆಗಳು. ಅಲ್ಲಿ ಮರಳ ಮೇಲೆ ಬೆರಳಲ್ಲಿ ಬರೆಯುತ್ತಿದ್ದರು. "ಎರಡೊಂದ್ಲೆ ಎರಡು, ಎರಡೆರಡ್ಲೆ ನಾಲ್ಕು" ಅಂತ ರಾಗವಾಗಿ ಮಗ್ಗಿ ಹೇಳುತ್ತಿದ್ದರು. ಕಾಲು, ಅರೆ, ಮುಕ್ಕಾಲಿಗೂ ಮಗ್ಗಿ ಇತ್ತು. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ ತಮ್ಮ ಜಿಲ್ಲೆಯಲ್ಲಿ 533 ಶಾಲೆಗಳಿವೆ ಅಂತ ವರದಿ ಬರೆದರು. ಮುಂದಿರುವ ಹುಡುಗರು ಹಿಂದಿರುವವರಿಗೆ ಹೇಳಿಕೊಡುವ ಪದ್ಧತಿಯನ್ನು ಅದರಲ್ಲಿ ಮೆಚ್ಚಿಕೊಂಡಿದ್ದಾರೆ. ಇದನ್ನು ಇಂಗ್ಲೆಂಡಿನಲ್ಲೂ ಅನುಸರಿಸಿದ್ದಾರೆ ಅಂತಲೂ ಹೇಳಿದ್ದಾರೆ. ಆ ಶಾಲೆಗಳಲ್ಲಿ ಹೊಡೆತ ಇತ್ತು, ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ, ಹೆಣ್ಣುಮಕ್ಕಳು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದನ್ನು ಹೊಗಳಬೇಕಾಗಿಲ್ಲ. ಆದರೂ ಮಗು ಮಗುವಿಗೆ ಕಲಿಸುವ ಈ ಮಾತು ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

ಆಮೇಲೆ ಇಲಾಖೆಯ ಶಾಲೆಗಳು ಬಂದವು. ವಯಸ್ಸಿಗೆ ತಕ್ಕ ತರಗತಿ, ತರಗತಿಗೊಂದು ಪುಸ್ತಕ, ವರ್ಷದ ಕೊನೆಗೆ ಪರೀಕ್ಷೆ. ಎಲ್ಲರೂ ಒಂದೇ ದಿನ ಒಂದೇ ಪುಟದಲ್ಲಿ ಇರಬೇಕು ಅನ್ನುವ ಲೆಕ್ಕಾಚಾರ ಅಲ್ಲಿಂದ ನಮ್ಮೊಳಗೆ ಇಳಿದುಬಿಟ್ಟಿದೆ. 1987ರ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಯೋಜನೆಯಲ್ಲಿ ಕಪ್ಪುಹಲಗೆ, ಗಣಿತದ ಪೆಟ್ಟಿಗೆ ಎಲ್ಲ ಬಂದವು. ಪುಟ ಮಾತ್ರ ಒಂದೇ ಉಳಿಯಿತು.

ಪುಟ ಬದಲಾಗಿದ್ದು ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ.

ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಯಲ್ಲಿ ಪದ್ಮನಾಭ ರಾವ್ ಮತ್ತು ರಮಾ ಅವರು ಸುತ್ತಲಿನ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಿಗಾಗಿ ಒಂದು ಪದ್ಧತಿ ರೂಪಿಸಿದ್ದರು. ಪಠ್ಯಪುಸ್ತಕವನ್ನು ಬಿಡಿಸಿ ಸಣ್ಣ ಸಣ್ಣ ಕಾರ್ಡು ಮಾಡಿ, ಅವನ್ನು ಏಣಿಯ ಹಾಗೆ ಜೋಡಿಸಿದ್ದರು. ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತಬಹುದು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಕೆಲವು ಸರ್ಕಾರಿ ಶಾಲೆಯ ಟೀಚರ್‌ಗಳು ಅಲ್ಲಿಗೆ ಹೋಗಿ ನೋಡಿ ಬಂದರು. ಯುನಿಸೆಫ್ ನೆರವಿತ್ತು. ನೋಡಿ ಬಂದವರು ಅಲ್ಲಿನ ಕಾರ್ಡುಗಳನ್ನು ಹಾಗೇ ನಕಲು ಮಾಡಲಿಲ್ಲ. ತಮ್ಮ ಊರಿನ ಹಾಡು, ಆಟ, ಕಾಡು, ಬೀಜ, ಸಂತೆ ಎಲ್ಲ ಸೇರಿಸಿ, ತಾವೇ ಕೂತು ಹೊಸದಾಗಿ ಬರೆದರು. ಅದೇ ನಲಿ ಕಲಿ.

ನಲಿ ಕಲಿ ಕೋಣೆಗೆ ಹೋದರೆ ಮೊದಲು ಕಣ್ಣು ಮೇಲಕ್ಕೆ ಹೋಗುತ್ತದೆ. ತಲೆಯ ಮೇಲೆ ದಾರಗಳ ಚಪ್ಪರ, ಅದರಲ್ಲಿ ಮಕ್ಕಳು ಬರೆದ ಹಾಳೆ, ಮಾಡಿದ ಬೊಂಬೆ. ಗೋಡೆಯ ಕೆಳಭಾಗದಲ್ಲಿ ಸುತ್ತಲೂ ಕಪ್ಪು ಬಣ್ಣ. ಪ್ರತಿ ಮಗುವಿಗೂ ಅಲ್ಲಿ ತನ್ನದೇ ಜಾಗ, ಕೈಗೆ ಎಟುಕುವ ಎತ್ತರದಲ್ಲಿ. ಒಂದು, ಎರಡು, ಮೂರನೇ ತರಗತಿಯವರು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಮಗು ಏಣಿ ನೋಡಿ, ತನ್ನ ಮೆಟ್ಟಿಲಿನ ಚಿತ್ರ ಗುರುತಿಸಿ, ಅದೇ ಚಿತ್ರದ ಕಾರ್ಡು ಹುಡುಕಿ ತಂದು ತನ್ನ ಗುಂಪಿಗೆ ಹೋಗುತ್ತದೆ. ಓದಲು ಬರದ ಮಗುವಿಗೂ ತಾನು ಎಲ್ಲಿದ್ದೇನೆ ಅಂತ ಗೊತ್ತಿರುತ್ತದೆ.

ಗುಂಪುಗಳಿಗೆ ತಟ್ಟೆ ಅಂತ ಹೆಸರು. ಐದು ತಟ್ಟೆ. ಒಂದರಲ್ಲಿ ಟೀಚರ್ ಪೂರ್ತಿ ಜೊತೆಗಿರುತ್ತಾರೆ, ಇನ್ನೊಂದರಲ್ಲಿ ಸ್ವಲ್ಪ. ಮುಂದಿನ ಎರಡರಲ್ಲಿ ಸಹಪಾಠಿಗಳ ಸಹಾಯ, ಕೊನೆಯದರಲ್ಲಿ ಸ್ವಂತ ಕಲಿಕೆ. ಬಳ್ಳಾರಿಯ ವರದಿಯಲ್ಲಿದ್ದ ಮಾತು ಇಲ್ಲಿ ಹೊಡೆತವಿಲ್ಲದೆ, ಹೆಣ್ಣುಮಕ್ಕಳ ಜೊತೆಗೆ ಮತ್ತೆ ಬಂತು, ಅಲ್ವಾ?

ಗಣಿತದಲ್ಲಿ ಇದರ ಲಾಭ ಚೆನ್ನಾಗಿ ಕಾಣುತ್ತಿತ್ತು. ಸಂಖ್ಯೆಯ ಪಾಠಕ್ಕೆ ಮೂರು ಹೆಜ್ಜೆ ಬೇಕು. ಮೊದಲು ಕೈಯಲ್ಲಿ ಹಿಡಿಯುವ ವಸ್ತು, ಆಮೇಲೆ ಅದರ ಚಿತ್ರ, ಕೊನೆಗೆ ಅಂಕಿ. ಹೊಂಗೆ ಬೀಜ ಎಣಿಸಿ, ಹತ್ತು ಕಡ್ಡಿ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿ, ಆ ಕಟ್ಟನ್ನು ಸ್ಲೇಟಿನಲ್ಲಿ ಗೀಟು ಎಳೆದು ತೋರಿಸಿ, ಆಮೇಲೆ 10 ಅಂತ ಬರೆಯೋದು. ಕನ್ನಡ ಇಲ್ಲಿ ಮಕ್ಕಳ ಪರವಾಗಿದೆ. ಹನ್ನೊಂದು, ಹನ್ನೆರಡು ದಾಟಿದ ಮೇಲೆ ನಮ್ಮ ಸಂಖ್ಯೆಗಳ ಹೆಸರು ಬಹಳ ನೇರ. ನಲವತ್ತೆರಡು ಅಂದರೆ ನಲವತ್ತು, ಎರಡು. ಮೊದಲು ಹತ್ತುಗಳು, ಆಮೇಲೆ ಬಿಡಿ. ಬರೆಯುವ ಕ್ರಮವೂ ಅದೇ. ಹಿಂದಿಯಲ್ಲಿ ಕಲಿಯುವ ಮಗು ನೂರರವರೆಗೆ ಹೆಚ್ಚುಕಡಿಮೆ ಪ್ರತಿ ಹೆಸರನ್ನೂ ಬೇರೆಬೇರೆಯಾಗಿ ನೆನಪಿಡಬೇಕು. ತೊಡಕು ಬರೋದು ನೂರರ ಹತ್ತಿರ. ನೂರ ಐದು ಅಂದರೆ ಕಿವಿಗೆ ಕೇಳಿಸಿದ ಹಾಗೆ 1005 ಅಂತ ಬರೆದುಬಿಡುತ್ತಾರೆ. ಅದಕ್ಕೂ ಮದ್ದು ಕಡ್ಡಿ ಕಟ್ಟೇ. ಹತ್ತು ಕಟ್ಟು ಸೇರಿ ಒಂದು ದೊಡ್ಡ ಕಟ್ಟು, ಬಿಡಿ ಕಟ್ಟು ಇಲ್ಲ, ಬಿಡಿ ಕಡ್ಡಿ ಐದು. ಮಧ್ಯದ ಸೊನ್ನೆ ಯಾಕೆ ಅಂತ ಮಗು ತಾನೇ ಹೇಳುತ್ತದೆ.

2009-10ರಲ್ಲಿ ನಲಿ ಕಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಮೊದಲು ಕೆಳಗಿನ ಎರಡು ತರಗತಿ, ಆಮೇಲೆ ಮೂರನೆಯದಕ್ಕೂ. ಇಷ್ಟು ಒಳ್ಳೆಯದು ಎಲ್ಲ ಮಕ್ಕಳಿಗೂ ಸಿಗಬೇಕು ಅನ್ನುವ ಆಸೆ ಸರಿಯೇ. ಆದರೆ ಎಚ್.ಡಿ. ಕೋಟೆಯಲ್ಲಿ ಕಾರ್ಡು ಬರೆದವರೇ ಅದನ್ನು ಕಲಿಸುತ್ತಿದ್ದರು. ಈಗ ಕಾರ್ಡುಗಳು ಅಚ್ಚಾಗಿ ಬಂದವು, ತರಬೇತಿ ಕೆಲವು ದಿನಗಳಲ್ಲಿ ಮುಗಿಯಿತು. ಹರಿದ ಕಾರ್ಡಿನ ಬದಲಿಗೆ ತಾನೇ ಒಂದು ಬರೆಯಬಹುದಾ ಅಂತ ಟೀಚರ್ ಹಿಂಜರಿಯುವ ಹಾಗಾಯಿತು. ಮಕ್ಕಳು ಜಾಸ್ತಿ ಇರುವ ಕಡೆ ಐದು ತಟ್ಟೆಗಳನ್ನೂ ಒಬ್ಬರೇ ನೋಡಿಕೊಳ್ಳೋದು ನಿಜಕ್ಕೂ ಕಷ್ಟ. ನಾನು ಹಿಂದಿನ ಸಾಲಲ್ಲಿ ಕೂತು ನೋಡಿದ ಒಂದು ಕೋಣೆಯಲ್ಲಿ ಮಕ್ಕಳು ಐದು ತಟ್ಟೆಗಳಲ್ಲೇ ಕೂತಿದ್ದರು. ಐದೂ ತಟ್ಟೆಗಳಲ್ಲಿ ಬೋರ್ಡಿನ ಮೇಲಿದ್ದ ಒಂದೇ ಲೆಕ್ಕ ನಡೆಯುತ್ತಿತ್ತು. ಆ ಟೀಚರ್ ಬೆಳಗ್ಗೆಯಿಂದ ನೀರೂ ಕುಡಿದಿರಲಿಲ್ಲ. ಅವರನ್ನು ದೂರಲು ನನಗೆ ಮನಸ್ಸು ಬರಲಿಲ್ಲ.

ನನ್ನ ಪ್ರಕಾರ ದೊಡ್ಡ ಕಂದಕ ಇರೋದು ಮೂರನೇ ತರಗತಿ ದಾಟಿದ ಮೇಲೆ. ಮೂರು ವರ್ಷ ಏಣಿ ಹತ್ತಿದ ಮಗು ಜೂನ್‌ನಲ್ಲಿ ನಾಲ್ಕನೇ ತರಗತಿಗೆ ಬಂದರೆ ಬೆಂಚು, ಬೋರ್ಡು, ಪಠ್ಯಪುಸ್ತಕ. ಏಣಿಯ ನಡುವೆ ನಿಂತಿದ್ದ ಮಗುವಿಗೆ ಅಲ್ಲಿಂದ ಮುಂದೆ ಹತ್ತಲು ಮೆಟ್ಟಿಲೇ ಇಲ್ಲ. ಎಲ್ಲರೂ ಮತ್ತೆ ಒಂದೇ ಪುಟದಲ್ಲಿ.

ಈ ಕಂದಕಕ್ಕೆ ಸೇತುವೆ ಹಾಕಲು ಬಂದವೇ ಮುಂದಿನವು. ಅಕ್ಷರ ಫೌಂಡೇಷನ್ ಅನ್ನುವ ಸ್ವಯಂಸೇವಾ ಸಂಸ್ಥೆ ಸರ್ಕಾರದ ಜೊತೆ ನಡೆಸಿದ ಗಣಿತ ಕಲಿಕಾ ಆಂದೋಲನ 4 ಮತ್ತು 5ನೇ ತರಗತಿಗೆ ಕಿಟ್ ಕೊಟ್ಟಿತು. ಮಣಿ ಪೋಣಿಸಿದ ಚೌಕಟ್ಟು, ಹತ್ತು–ನೂರರ ತುಂಡುಗಳು, ಭಿನ್ನರಾಶಿಯ ಪಟ್ಟಿಗಳು, ಗಡಿಯಾರ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗಣಿತ ಸ್ಪರ್ಧೆ ಇಟ್ಟು ಊರಿನವರನ್ನೂ ಕೂರಿಸಿದರು. ಪ್ರಥಮ್ ಅನ್ನುವ ಇನ್ನೊಂದು ಸ್ವಯಂಸೇವಾ ಸಂಸ್ಥೆಯ ಜೊತೆ ಬಂದ, ಓದಿನ ಜೊತೆ ಲೆಕ್ಕವನ್ನೂ ಕಲಿಸಿದ ಓದು ಕರ್ನಾಟಕ, ಮಕ್ಕಳನ್ನು ತರಗತಿಯ ಬದಲು ಅವರ ಮಟ್ಟ ನೋಡಿ ಕೂರಿಸಿತು. ಎರಡರಲ್ಲೂ ಕೈಗೆ ವಸ್ತು ಬಂತು. ಆದರೆ ನಲಿ ಕಲಿಯ ಏಣಿ ನಿಂತ ಜಾಗದಿಂದ ಇವು ಶುರುವಾಗಲಿಲ್ಲ. ತಮ್ಮದೇ ಹೊಸ ಏಣಿ, ಹೊಸ ನಮೂನೆ, ಹೊಸ ದಾಖಲೆ.

ಕಿಟ್ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಸ್ಟಾಕ್ ರಿಜಿಸ್ಟರಿಗೆ ಹತ್ತುತ್ತದೆ. ತುಂಡು ಕಳೆದರೆ ಲೆಕ್ಕ ಕೊಡಬೇಕಾಗಬಹುದು ಅಂತ ಟೀಚರ್‌ಗೆ ಭಯ. ಹಾಗಾಗಿ ಎಷ್ಟೋ ಕಡೆ ಅದು ಬೀರುವಿನಲ್ಲಿ ಹೊಸದಾಗಿಯೇ ಉಳಿದಿದೆ. ಕಡ್ಡಿ ಕಟ್ಟಿಗೆ ಆ ಭಯ ಇರಲಿಲ್ಲ.

ಆಮೇಲೆ ಕೋವಿಡ್. 2020ರಲ್ಲಿ ವಿದ್ಯಾಗಮದ ಹೆಸರಲ್ಲಿ ಟೀಚರ್‌ಗಳು ಗುಡಿಯ ಜಗಲಿ, ಮರದ ನೆರಳಿಗೆ ಹೋಗಿ ಪಾಠ ಮಾಡಿದರು. ಅದೂ ನಡುವೆ ನಿಂತಿತು. ರಾಜ್ಯದಲ್ಲಿ 1ರಿಂದ 5ನೇ ತರಗತಿ ಮತ್ತೆ ಶುರುವಾಗಿದ್ದು 2021ರ ಅಕ್ಟೋಬರ್ 25ಕ್ಕೆ. ಒಂದೂವರೆ ವರ್ಷ ಶಾಲೆ ಕಾಣದ ಮಕ್ಕಳಿಗಾಗಿ 2022-23ರಲ್ಲಿ ಕಲಿಕಾ ಚೇತರಿಕೆ ಬಂತು. ಹಿಂದಿನ ತರಗತಿಗಳ ಬಿಟ್ಟುಹೋದ ಕಲಿಕೆಯನ್ನೂ ಸೇರಿಸಿದ ಹಾಳೆಗಳು ಸಿಕ್ಕವು. ಮಗು ಎಲ್ಲಿದೆಯೋ ಅಲ್ಲಿಂದ ಶುರು ಮಾಡಿ ಅಂತ ಮೇಲಿನ ತರಗತಿಗಳಿಗೂ ಹೇಳಿದ್ದು ಆಗ. ಅಷ್ಟರಲ್ಲಿ ಕೇಂದ್ರದ ನಿಪುಣ್ ಭಾರತ್ ಶುರುವಾಗಿತ್ತು. 2026-27ರೊಳಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಓದು, ಬರಹ, ಲೆಕ್ಕದ ಅಡಿಪಾಯ ಗಟ್ಟಿಯಾಗಿರಬೇಕು ಅನ್ನೋದು ಅದರ ಗುರಿ.

ಅಡಿಪಾಯ ಎಷ್ಟು ಗಟ್ಟಿಯಾಗಿದೆ? ಹಳ್ಳಿ ಮಕ್ಕಳ ಕಲಿಕೆ ಅಳೆಯುವ ಅಸರ್ ಸಮೀಕ್ಷೆಯಲ್ಲಿ ಮನೆಮನೆಗೆ ಹೋಗಿ, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸಲು ಕೊಡುತ್ತಾರೆ. ಗ್ರಾಮೀಣ ಭಾರತದ ಐದನೇ ತರಗತಿ ಮಕ್ಕಳಲ್ಲಿ ಅದನ್ನು ಮಾಡಿದವರು 2018ರಲ್ಲಿ ಶೇ 27.8, 2022ರಲ್ಲಿ ಶೇ 25.6, 2024ರಲ್ಲಿ ಶೇ 30.7. ಇದರಲ್ಲಿ ಖಾಸಗಿ ಶಾಲೆಯ ಮಕ್ಕಳೂ ಇದ್ದಾರೆ. ಏರಿಕೆ ಕಂಡು ಖುಷಿಯಾಗುತ್ತದೆ. ಆದರೂ ಹತ್ತರಲ್ಲಿ ಸುಮಾರು ಏಳು ಮಕ್ಕಳು ಇನ್ನೂ ಹೊರಗಿದ್ದಾರೆ.

ಹೊಸ ಸುತ್ತೋಲೆ ಬಂದಾಗ ಹಳೆಯ ಟೀಚರ್‌ಗಳು ಕೇಳುವ ಪ್ರಶ್ನೆ ಒಂದೇ: ಹಿಂದಿನದನ್ನು ಬಿಡಬೇಕಾ, ಜೊತೆಗೆ ಇಟ್ಟುಕೊಳ್ಳಬೇಕಾ? ಇದಕ್ಕೆ ಸ್ಪಷ್ಟ ಉತ್ತರ ಸಿಗದ ಶಾಲೆಗಳಲ್ಲಿ ಚಪ್ಪರದ ದಾರ ಸಡಿಲವಾಗಿದೆ, ಹೊಸ ಹಾಳೆಗಳು ಮೂಲೆಯಲ್ಲಿವೆ. ತಾವೇ ಉತ್ತರ ಕಂಡುಕೊಂಡ ಟೀಚರ್‌ಗಳೂ ಇದ್ದಾರೆ. ನಾನು ಹೋದ ಒಂದು ನಾಲ್ಕನೇ ತರಗತಿಯಲ್ಲಿ ಟೀಚರ್ ಹಳೆಯ ತಟ್ಟೆಗಳನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡಿದ್ದರು. 42ರ ಲೆಕ್ಕ ನಡೆಯುತ್ತಿತ್ತು. ಒಬ್ಬ ಹುಡುಗಿ ನಾಲ್ಕು ಕಟ್ಟು, ಎರಡು ಕಡ್ಡಿ ಇಟ್ಟುಕೊಂಡು ಏಳು ಕಡ್ಡಿ ತೆಗೆಯಲು ನೋಡಿದಳು. ಸಿಗಲಿಲ್ಲ. ಪಕ್ಕದಲ್ಲಿದ್ದವಳು ಸುಮ್ನೆ ಒಂದು ಕಟ್ಟು ಎತ್ತಿ ಅವಳ ಕೈಗೆ ಕೊಟ್ಟಳು. ಸ್ವಲ್ಪ ಹೊತ್ತು ನೋಡಿ, ಅವಳು ರಬ್ಬರ್ ಬ್ಯಾಂಡ್ ಬಿಚ್ಚಿದಳು.