ಒಂದ ಡಿಸ್ಕ್, ಎರಡು ಸರ್ವರ್: ಎಂಎಂಪಿ ಯಾಕ ಬೇಕು

ಹುಬ್ಬಳ್ಳ್ಯಾಗ ನಮ್ಮ ಲಿನಕ್ಸ್ ಕ್ಲಾಸಿನ್ಯಾಗ ಭಾಳ ಮಂದಿ ಕೇಳಿದ ಪ್ರಶ್ನೆ ಇದು, ಒಂದು ಶೇರ್ಡ್ ಡಿಸ್ಕ್ ಎರಡು ಸರ್ವರಿಗೂ ಕಾಣಾಕತ್ತೈತಿ ಅಂದ್ರ ಎರಡೂ ಕಡೆ ಮೌಂಟ್ ಮಾಡಿದ್ರ (ಅಂದ್ರ ಬಳಸಾಕ ಜೋಡಿಸಿದ್ರ) ಏನಾತು? ಅದರಾಗ ಇರೋದು ಇಎಕ್ಸ್‌ಟಿ4 (ಲಿನಕ್ಸಿನ ಒಂದು ಫೈಲ್‌ಸಿಸ್ಟಮ್, ಡಿಸ್ಕಿನ್ಯಾಗ ಫೈಲ್ ಜೋಡಿಸಿಡೋ ಪದ್ಧತಿ) ಆಗಿದ್ರ ಡೇಟಾ ಹಾಳಾಗತೈತಿ. ಅದನ್ನ ತಡಿಯೋದ ಈ ಎಂಎಂಪಿ.

ಬ್ಯಾಡಗಿ ಮಾರ್ಕೆಟ್ಟಿನ ಒಂದು ಗೋಡೌನ್ ಅನ್ಕೊಳ್ರಿ. ಯಾವ ಜಾಗ ಖಾಲಿ ಐತಿ ಅನ್ನೋ ಪಟ್ಟಿ ಇಬ್ಬರು ಗುಮಾಸ್ತರ ಕಡೆ ಒಂದೊಂದು ಝೆರಾಕ್ಸ್ ಐತಿ. ಒಬ್ಬ 40ನೇ ಜಾಗದಾಗ ಮೆಣಸಿನಕಾಯಿ ಚೀಲ ಇಡಿಸಿ ತನ್ನ ಪಟ್ಟಿ ಅಷ್ಟ ತಿದ್ದತಾನ, ಇನ್ನೊಬ್ಬನ ಪಟ್ಟ್ಯಾಗ ಅದು ಇನ್ನೂ ಖಾಲಿನ. ಗೋಡೌನಿನ್ಯಾಗಾದ್ರ ಚೀಲ ಕಣ್ಣಿಗೆ ಕಾಣತಾವ, ಡಿಸ್ಕಿನ್ಯಾಗ ಎರಡನೇದವನು ಮೊದಲನೇದರ ಮ್ಯಾಲೆನ ಬರದುಬಿಡತಾನ. ಆ ಝೆರಾಕ್ಸ್ ಅಂದ್ರ ಒಂದೊಂದು ಸರ್ವರಿನ ಕರ್ನಲ್ (ಆಪರೇಟಿಂಗ್ ಸಿಸ್ಟಮಿನ ತಿರುಳು) ತನ್ನ ರ್‍ಯಾಮಿನ್ಯಾಗ ಇಟ್ಕೊಂಡಿರೋ ಕ್ಯಾಶ್.

ಡಿಸ್ಕಿನ್ಯಾಗ ಮಾಡೋ ಬದಲಾವಣೆ ಮೊದಲ ಬರದಿಡೋ ಜರ್ನಲ್ ಐತಲ್ಲ, ಅದು ಕಾಪಾಡತೈತಿ ಅಂತ ನಾನೂ ತಿಳ್ಕೊಂಡಿದ್ದೆ, ಆದ್ರ ಅದು ಬರಿಯೋನು ಒಬ್ಬನ ಅಂತ ನಂಬಿ ಮಾಡಿದ್ದು. ಎರಡನೇ ಸರ್ವರ್ ಮೌಂಟ್ ಮಾಡೋವಾಗ ನಡದಿರೋ ಜರ್ನಲನ್ನ ರಿಪ್ಲೇ ಮಾಡಿಬಿಡತೈತಿ, ಅಂದ್ರ ಅದರಾಗಿದ್ದದ್ದನ್ನ ಡಿಸ್ಕಿಗೆ ಬರದುಬಿಡತೈತಿ, ರೀಡ್ ಓನ್ಲಿ (ಬರೇ ಓದಾಕ) ಅಂತ ಕೊಟ್ರೂ! ಇದನ್ನ ದೊಡ್ಡ ಅಕ್ಷರದಾಗ ಬರದಿಟ್ಕೊಳ್ರಿ.

ಅದಕ್ಕ ಎಂಎಂಪಿ, ಮಲ್ಟಿಪಲ್ ಮೌಂಟ್ ಪ್ರೊಟೆಕ್ಷನ್. ಅನ್‌ಮೌಂಟ್ ಮಾಡಿ ಟ್ಯೂನ್2ಎಫ್‌ಎಸ್ ಅನ್ನೋ ಕಮಾಂಡಿನಿಂದ ಆನ್ ಮಾಡಬೇಕು. ಡಿಸ್ಕಿನ ಒಂದು ಬ್ಲಾಕಿನ್ಯಾಗ ಸೀಕ್ವೆನ್ಸ್ ನಂಬರ್ ಇರತೈತಿ, ಮೌಂಟ್ ಮಾಡಿದ ಸರ್ವರ್ ಅದನ್ನ ಸಾಮಾನ್ಯವಾಗಿ 5 ಸೆಕೆಂಡಿಗೊಮ್ಮೆ ಬದಲಿಸ್ತಿರತೈತಿ, ಹೊಸಾದಾಗಿ ಬಂದ ಸರ್ವರ್ ನಂಬರ್ ಓದಿ, ಸ್ವಲ್ಪ ಕಾದು, ಮತ್ತ ಓದತೈತಿ. ನಂಬರ್ ಬದಲಾಗಿದ್ರ ಇನ್ನೊಬ್ಬ ಅದಾನ ಅಂತ ತಿಳದು ಮೌಂಟ್ ಕೊಡೂದಿಲ್ಲ. ಲ್ಯಾಬಿನ್ಯಾಗ ಎರಡು ವಿಎಂಗೆ (ವರ್ಚುವಲ್ ಮಷಿನ್) ಒಂದ ಡಿಸ್ಕ್ ಕೊಟ್ಟು ನೋಡಿದ್ವಿ, ಎರಡನೇದರಾಗ ಮೌಂಟ್ ಕಮಾಂಡ್ ಹತ್ತು ಸೆಕೆಂಡಿಗಿಂತ ಹೆಚ್ಚು ಸುಮ್ಮನ ನಿಂತು ಎರರ್ ಕೊಟ್ತು, ಡಿಮೆಸೇಜ್ (ಕರ್ನಲ್ಲಿನ ಸಂದೇಶ ತೋರಿಸೋ ಕಮಾಂಡ್) ತಗದ್ರ ಕೊನೇಗೆ ಅಪ್‌ಡೇಟ್ ಮಾಡಿದ ಮಷಿನ್ನಿನ ಹೆಸರ ಅಲ್ಲಿತ್ತು. ಯಾವ ಸರ್ವರ್ ಹಿಡ್ಕೊಂಡೈತಿ ಅಂತ ಹುಡುಕೋದು ತಪ್ಪಿತು.

ರೀಡ್ ಓನ್ಲಿ ಮೌಂಟಿಗೆ ಮಾತ್ರ ಈ ಚೆಕ್ ಇಲ್ಲ, ಮ್ಯಾಲೆ ಹೇಳಿದ ಅಪಾಯ ಹಂಗ ಉಳೀತೈತಿ. ಲಿನಕ್ಸ್ ಕರ್ನಲ್ಲಿನ್ಯಾಗ ಎಂಎಂಪಿ 3.0 ಆವೃತ್ತಿಗೆ ಬಂತು. ಎರಡೂ ಸರ್ವರ್ ಒಮ್ಮೆಲೇ ಬರೀಬೇಕಂದ್ರ ಎಂಎಂಪಿ ಸಾಲೂದಿಲ್ಲ, ಜಿಎಫ್‌ಎಸ್2 ಇಲ್ಲಾ ಒಸಿಎಫ್‌ಎಸ್2 ಥರದ ಕ್ಲಸ್ಟರ್ ಫೈಲ್‌ಸಿಸ್ಟಮ್ ಬೇಕು, ಅವು ಬರಿಯೋಕ್ಕಿಂತ ಮೊದಲ ಒಬ್ಬರನ್ನೊಬ್ಬರು ಲಾಕ್ ಕೇಳ್ತಾವ.

ಸರ್ವರ್ ಕ್ರ್ಯಾಶ್ ಆದಮ್ಯಾಲೆ ಮೌಂಟ್ ಆಗಲಿಲ್ಲ ಅಂತ ಅವಸರ ಮಾಡಿ ಕ್ಲಿಯರ್ ಎಂಎಂಪಿ (ಎಂಎಂಪಿ ಗುರುತು ಅಳಿಸೋ ಟ್ಯೂನ್2ಎಫ್‌ಎಸ್ ಆಯ್ಕೆ) ಕೊಡಬ್ಯಾಡ್ರಿ, ಮೊದಲ ಇನ್ನೊಂದು ಮಷಿನ್ ಖರೇನ ಬಂದ್ ಐತೇನು ಅಂತ ಎದ್ದು ಹೋಗಿ ನೋಡಿ ಬರ್ರಿ.