ಒಂದೇ ಲೈನು, ಮೂರು ಉಪಕರಣ: ಯಾವುದರ ಹಿಂದೆ ಯಾವುದು?

ಸಣ್ಣ ಕಚೇರಿಗಳಲ್ಲಿ ಲ್ಯಾಂಡ್‌ಲೈನ್ ಒಂದೇ ಇರುತ್ತದೆ. ಫೋನು, ಫ್ಯಾಕ್ಸು, ಬ್ರಾಡ್‌ಬ್ಯಾಂಡ್ ಮೋಡೆಮ್ ಮೂರೂ ಅದರಲ್ಲೇ ನಡೆಯಬೇಕು. ಅಂಗಡಿಯಿಂದ ಟೂ-ವೇ ಸಾಕೆಟ್ ತಂದು ಎಲ್ಲವನ್ನೂ ಪ್ಯಾರಲಲ್ ಆಗಿ ಸಿಕ್ಕಿಸಿದರೆ ಮೊದಲ ದಿನ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಮಾರನೇ ದಿನದಿಂದ ಫ್ಯಾಕ್ಸ್ ಅರ್ಧಕ್ಕೆ ನಿಲ್ಲುತ್ತದೆ, ಫೋನ್ ರಿಂಗಾದಾಗಲೆಲ್ಲ ಇಂಟರ್‌ನೆಟ್ ಹೋಗುತ್ತದೆ.

ಮಾತೂ ಫ್ಯಾಕ್ಸೂ ಸಾಗುವುದು 300ರಿಂದ 3400 ಹರ್ಟ್ಸ್ ಆವರ್ತನದ ಒಳಗೆ. ಎಡಿಎಸ್ಎಲ್ (ಫೋನ್ ತಂತಿಯಲ್ಲೇ ಬರುವ ಬ್ರಾಡ್‌ಬ್ಯಾಂಡ್) ಮೋಡೆಮ್ ಬಳಸುವುದು ಸುಮಾರು 25 ಕಿಲೋಹರ್ಟ್ಸ್‌ಗಿಂತ ಮೇಲಿನದನ್ನು. ನಡುವೆ ಎರಡನ್ನೂ ಬೇರ್ಪಡಿಸುವ ಸ್ಪ್ಲಿಟರ್ ಎಂಬ ಸಣ್ಣ ಡಬ್ಬಿ ಇದ್ದರೆ ಇವಕ್ಕೆ ಜಗಳವಿಲ್ಲ. ಹೊರಗಿನ ತಂತಿ ಬಂದು ಸೇರುವ ಗೋಡೆಯ ರೋಸೆಟ್ ಬಾಕ್ಸ್‌ನಿಂದ ಬಂದ ತಂತಿ ನೇರವಾಗಿ ಸ್ಪ್ಲಿಟರ್‌ನ ‘ಲೈನ್’ ಪೋರ್ಟಿಗೆ ಹೋಗಬೇಕು. ‘ಮೋಡೆಮ್’ ಪೋರ್ಟಿಗೆ ಮೋಡೆಮ್, ‘ಫೋನ್’ ಪೋರ್ಟಿಗೆ ಉಳಿದದ್ದೆಲ್ಲ. ಒಳಕೋಣೆಯ ಎಕ್ಸ್‌ಟೆನ್ಷನ್ ತಂತಿ ಸ್ಪ್ಲಿಟರಿಗೂ ಮೊದಲೇ ಕವಲೊಡೆದಿರುವುದುಂಟು. ರಿಂಗಾದಾಗ ನೆಟ್ ಹೋದರೆ ಮೊದಲು ನೋಡಬೇಕಾದ್ದು ಅದನ್ನೇ. ಆ ಕವಲನ್ನು ‘ಫೋನ್’ ಪೋರ್ಟಿನ ಕಡೆಗೆ ತನ್ನಿ, ಇಲ್ಲವೇ ಆ ಫೋನಿಗೆ ಮೋಡೆಮ್ ಸಿಗ್ನಲ್ ತಡೆಯುವ ಬೇರೆ ಫಿಲ್ಟರ್ ಹಾಕಿ.

ಬಿಡಿಸಲು ಕಷ್ಟವಾದದ್ದು ಫೋನು-ಫ್ಯಾಕ್ಸ್ ಜಗಳ. ಎರಡಕ್ಕೂ ಬೇಕಾದದ್ದು ಆವರ್ತನದ ಅದೇ ಒಂದು ಜಾಗ. ಫ್ಯಾಕ್ಸ್ ಬರುತ್ತಿರುವಾಗ ಪ್ಯಾರಲಲ್ ಫೋನಿನ ರಿಸೀವರ್ ಎತ್ತಿದರೆ ಲೈನಿನ ಕರೆಂಟು ಹಂಚಿಹೋಗಿ ಸಿಗ್ನಲ್ ಕುಗ್ಗುತ್ತದೆ, ಕೋಣೆಯ ಸದ್ದೂ ಒಳಸೇರುತ್ತದೆ. ಪುಟ ಕೆಡಲು ಅಷ್ಟು ಸಾಕು. ಫ್ಯಾಕ್ಸ್ ಯಂತ್ರದ ಹಿಂದೆ ಎರಡು ಜ್ಯಾಕ್ ಇದ್ದರೆ ಒಂದು ‘ಲೈನ್’, ಇನ್ನೊಂದು ‘ಟೆಲ್’ ಅಥವಾ ‘ಎಕ್ಸ್ಟ್’. ಸ್ಪ್ಲಿಟರ್‌ನಿಂದ ಬಂದ ತಂತಿಯನ್ನು ಮೊದಲನೆಯದಕ್ಕೂ ಫೋನನ್ನು ಎರಡನೆಯದಕ್ಕೂ ಹಾಕಿ. ಸಾಮಾನ್ಯವಾಗಿ ಫ್ಯಾಕ್ಸ್ ಲೈನ್ ಹಿಡಿದ ಕೂಡಲೇ ಆ ಫೋನನ್ನು ಒಳಗೇ ಕಡಿದುಹಾಕುತ್ತದೆ. ಹಳೇ ಡಯಲ್-ಅಪ್ ಮೋಡೆಮ್‌ಗೂ ಇದೇ ಲೆಕ್ಕ: ಕೆಡಬಾರದ್ದು ಗೋಡೆಗೆ ಹತ್ತಿರ, ಫೋನು ಕೊನೆಗೆ. ಕಾಲ್ ವೇಟಿಂಗ್ ಇದ್ದರೆ ತೆಗೆಸಿ. ಅದರ ಒಂದು ಬೀಪ್ ಸಾಕು ಪುಟ ಹಾಳಾಗಲು.

‘ಫ್ಯಾಕ್ಸ್/ಟೆಲ್’ ಮೋಡ್‌ನಲ್ಲಿ ಯಂತ್ರವೇ ಕರೆ ಎತ್ತಿ ಕಿವಿಗೊಡುತ್ತದೆ. ಆ ಕಡೆಯಿಂದ 1100 ಹರ್ಟ್ಸ್‌ನ ಕೂಗು, ಅರ್ಧ ಸೆಕೆಂಡ್ ಸದ್ದು, ಮೂರು ಸೆಕೆಂಡ್ ಮೌನ, ಹೀಗೆ ಕೇಳಿಸಿದರೆ ಫ್ಯಾಕ್ಸ್. ಇಲ್ಲದಿದ್ದರೆ ಮನುಷ್ಯ ಎಂದುಕೊಂಡು ತಾನೇ ರಿಂಗ್ ಮಾಡುತ್ತದೆ. ಇಲ್ಲಿ ಎರಡು ಕಿರಿಕಿರಿ. ಎಕ್ಸ್‌ಚೇಂಜ್ ಕಳಿಸುವ ರಿಂಗ್ ಅಷ್ಟು ಹೊತ್ತಿಗೆ ನಿಂತಿರುತ್ತದೆ, ಆದ್ದರಿಂದ ಬೇರೆ ಕೋಣೆಯ ಫೋನು ಸುಮ್ಮನಿರುತ್ತದೆ. ಕಳಿಸುವವರು ಕೈಯಾರೆ ಡಯಲ್ ಮಾಡಿ ಟೋನಿಗಾಗಿ ಕಾಯುತ್ತಿದ್ದರೆ ಆ ಕೂಗೇ ಇರುವುದಿಲ್ಲ. ಎರಡೂ ಕಡೆಯವರು ಒಬ್ಬರನ್ನೊಬ್ಬರು ಕಾಯುತ್ತಾ ಕೂರುತ್ತಾರೆ. ಅಂಥ ಕರೆಗೆ ಫೋನೆತ್ತಿ ಮಾತಾಡಿ, ಯಂತ್ರದ ‘ಸ್ಟಾರ್ಟ್’ ಒತ್ತಿ, ಆಮೇಲೆ ರಿಸೀವರ್ ಇಡಿ. ಫ್ಯಾಕ್ಸ್ ದಿನಕ್ಕೆ ಒಂದೋ ಎರಡೋ ಬರುವ ಕಡೆ ಈ ಕೈಯಾರೆ ವಿಧಾನವೇ ಮೇಲು.

ತಾಮ್ರ ತೆಗೆದು ಫೈಬರ್ ಹಾಕಿಸಿಕೊಂಡವರಿಗೆ ಸ್ಪ್ಲಿಟರ್ ಬೇಡ. ಮನೆಗೆ ಬಂದ ಫೈಬರ್ ಬಾಕ್ಸ್‌ನ ಫೋನ್ ಪೋರ್ಟಿಗೆ ಫ್ಯಾಕ್ಸ್, ಫ್ಯಾಕ್ಸಿಗೆ ಫೋನು. ಅಲ್ಲಿ ಧ್ವನಿ ಪ್ಯಾಕೆಟ್ಟುಗಳಾಗಿ ಹೋಗುವುದರಿಂದ, ಒಂದು ಪ್ಯಾಕೆಟ್ ತಪ್ಪಿದರೂ ಪುಟ ಕೆಡಬಹುದು. ಕಂಪನಿಯವರನ್ನು ಟಿ.38 (ಪ್ಯಾಕೆಟ್ಟುಗಳಲ್ಲಿ ಫ್ಯಾಕ್ಸ್ ಕಳಿಸಲೆಂದೇ ಇರುವ ವಿಧಾನ) ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ಕೋಡೆಕ್ (ಧ್ವನಿಯನ್ನು ಅಂಕಿಗಳಾಗಿಸುವ ವಿಧಾನ) ಜಿ.711 ಆಗಿರಲಿ, ಧ್ವನಿಯನ್ನು ಬಹಳ ಕುಗ್ಗಿಸುವ ಜಿ.729 ಆದರೆ ಫ್ಯಾಕ್ಸ್ ಹೋಗುವುದಿಲ್ಲ. ಯಂತ್ರದ ವೇಗವನ್ನು ಸೆಕೆಂಡಿಗೆ 14400 ಬಿಟ್‌ನಿಂದ 9600ಕ್ಕೆ ಇಳಿಸಿ ಒಂದು ಪುಟ ಕಳಿಸಿ ನೋಡಿ.